ಗಾಳಿಗೋಪುರ ಎಂದು ನಗುವವರಿಗೆ

ಏಪ್ರಿಲ್ ಮಧ್ಯಾಹ್ನ ಹಂಪಿಯ ಕಮಲ ಮಹಲಿನ ಮುಂದೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಇದು ಆ ಕಾಲದ ಎಸಿ ಸಾರ್, ಪೈಪಿನಲ್ಲಿ ನೀರು ಹರೀತಿತ್ತು." ಬಂದವರು ತಲೆದೂಗಿ, ಸೆಲ್ಫಿ ತೆಗೆದುಕೊಂಡು, ಹೊಸಪೇಟೆಯ ಎಸಿ ರೂಮಿಗೆ ಮರಳುತ್ತಾರೆ. ನನ್ನ ತಕರಾರು ಗೈಡುಗಳ ಮೇಲಲ್ಲ. ಆ ಮಾತಿಗೆ ಎದೆಯುಬ್ಬಿಸಿ, ಮರುದಿನ ಕಾದ ಹೆಂಚಿನಂಥ ಶಾಲಾ ಕೊಠಡಿಯ ಎಸ್ಟಿಮೇಟಿಗೆ ಸಹಿ ಹಾಕುವವರ ಮೇಲೆ.

ಕಂಪ್ಲಿಯ ನಮ್ಮ ಹಳೆಯ ಮನೆಗೆ ಮಣ್ಣಿನ ಮಾಳಿಗೆಯಿತ್ತು, ನಡುಮನೆಗೊಂದು ಗವಾಕ್ಷಿಯಿತ್ತು. ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದ ಮೇಲೆ ಅಜ್ಜಿ ಬೇಸಿಗೆ ಪೂರ್ತಿ ಅಂಗಳದಲ್ಲಿ ಮಲಗುತ್ತಾಳೆ. "ಹಗಲು ಸೂರ್ಯ ಸುಡ್ತಾನ, ರಾತ್ರಿ ಸ್ಲ್ಯಾಬ್ ಸುಡ್ತೈತಿ" ಎನ್ನುತ್ತಾಳೆ. ಕಟ್ಟಡಗಳ ತಂಪಿನ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನಾನು ಇದನ್ನೇ ಅರವತ್ತು ಪುಟಗಳಲ್ಲಿ ಬರೆದಿದ್ದೇನೆ.

ಸಂಡೂರಿನ ಕಡೆಯ ಶಾಲೆಯೊಂದಕ್ಕಾಗಿ ಬರೆದ ನಕ್ಷೆಯನ್ನು ಎಂಜಿನಿಯರೊಬ್ಬರಿಗೆ ತೋರಿಸಿದೆ. "ಗಾಳಿಗೋಪುರ ಕಟ್ಟಬೇಡ್ರೀ" ಎಂದು ನಕ್ಕರು. ಆದರೆ ನಾನು ಕೇಳಿದ್ದು ನಿಜವಾದ ಗಾಳಿಗೋಪುರವನ್ನೇ. ಮಾಳಿಗೆಗಿಂತ ಎತ್ತರದ ಒಂದು ಗೂಡು, ಗಾಳಿ ಬೀಸುವ ದಿಕ್ಕಿಗೆ ಅದರ ಬಾಯಿ, ಬಾಯಲ್ಲಿ ಒದ್ದೆ ಮೆತ್ತೆ. ಒಣಗಾಳಿ ಮೆತ್ತೆಯ ನೀರನ್ನು ಹೀರಿ ತಣ್ಣಗಾಗುತ್ತದೆ, ಭಾರವಾಗಿ ಕೆಳಗಿಳಿದು ಕೊಠಡಿ ಸೇರುತ್ತದೆ. ಒಳಗಿನ ಬಿಸಿಗಾಳಿ ಎದುರು ಗೋಡೆಯ ಕಿಂಡಿಗಳಿಂದ ಹೊರಹೋಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಇರಾನಿನ ಯಾಜ್ದ್ ಊರಿನ ಬಾದ್ಗೀರ್‌ಗಳು ಈ ಉಪಾಯಕ್ಕೆ ಹೆಸರುವಾಸಿ.

ಲೆಕ್ಕ ಕೇಳುವವರಿಗೆ ಲೆಕ್ಕ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಒಂದು ಟನ್ನಿನ ಎಸಿ ಹೊರಹಾಕುವಷ್ಟು ಶಾಖವನ್ನು ಗಂಟೆಗೆ 5 ಲೀಟರಿನಷ್ಟು ನೀರು ಹೀರುತ್ತದೆ. ಎಂಟು ಗಂಟೆಗೆ ಮೂರು ಕೊಡ. ಅರ್ಧ ವ್ಯರ್ಥವೆಂದರೂ ಆರು ಕೊಡ. ಹೊರಗೆ 40 ಡಿಗ್ರಿ, ತೇವಾಂಶ ಶೇ 20 ಇದ್ದರೆ, ಒಳ್ಳೆಯ ಗೋಪುರದಿಂದ ಇಳಿಯುವ ಗಾಳಿ 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೀರೆತ್ತಲು ಸಣ್ಣ ಪಂಪೊಂದು ಸಾಕು.

"ನಮ್ಮಲ್ಲಿ ನಡೆಯುವುದಿಲ್ಲ" ಎಂಬ ಮಾತು ಸುಳ್ಳು. ಕಲಬುರಗಿಯ ಐಜಿಪಿ ಕಚೇರಿ ಸಂಕೀರ್ಣಕ್ಕೆ ಇಂಥ ಗೋಪುರಗಳನ್ನು ವಿನ್ಯಾಸ ಮಾಡಿದ್ದು ಹುಬ್ಬಳ್ಳಿಯ ಕೆಂಭಾವಿ ಆರ್ಕಿಟೆಕ್ಚರ್ ಫೌಂಡೇಶನ್. ಅಹಮದಾಬಾದಿನ ಟೊರೆಂಟ್ ಸಂಶೋಧನಾ ಕೇಂದ್ರ 1990ರ ದಶಕದಲ್ಲೇ ತನ್ನ ಪ್ರಯೋಗಾಲಯಗಳಿಗೆ ಇದನ್ನು ಅಳವಡಿಸಿತು. ಪೊಲೀಸರಿಗೂ ಔಷಧ ಕಂಪನಿಗೂ ಆಗುವುದು ಐದನೇ ಕ್ಲಾಸಿನ ಮಕ್ಕಳಿಗೆ ಯಾಕಾಗಬಾರದು?

ಮಿತಿಗಳಿಲ್ಲವೆಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಮೆತ್ತೆ ಒದ್ದೆ ಮಾಡಿ ಪ್ರಯೋಜನವಿಲ್ಲ; ಆಗ ಗೋಪುರ ಬರೀ ಗಾಳಿಯಾಡಲು. ಕಂಪ್ಲಿಯ ಭತ್ತದ ಗದ್ದೆಗಳ ನಡುವೆ ಗಾಳಿಯಲ್ಲೇ ತೇವವಿರುವ ದಿನ ತಂಪು ಕಡಿಮೆ. ಸಂಡೂರಿನ ಕೆಂಧೂಳು ಮೆತ್ತೆಯನ್ನು ಕಟ್ಟಿಸುತ್ತದೆ, ತೊಳೆಯುತ್ತಿರಬೇಕು. ಗಡುಸು ನೀರಾದರೆ ಉಪ್ಪುಗಟ್ಟುತ್ತದೆ. ತೊಟ್ಟಿಯನ್ನು ವಾರಕ್ಕೊಮ್ಮೆ ಒಣಗಿಸದಿದ್ದರೆ ಸೊಳ್ಳೆ. ಇವೆಲ್ಲ ನಿರ್ವಹಣೆಯ ಮಾತು, ನಿರಾಕರಣೆಗೆ ಕಾರಣವಲ್ಲ. ಎಸಿಗೂ ಸರ್ವಿಸ್ ಬೇಕಲ್ಲವೇ?

ಎಂಜಿನಿಯರರ ಕೊನೆಯ ಉತ್ತರ ಬೇರೆಯದೇ ಆಗಿತ್ತು: "ಎಸ್‌.ಆರ್‌.ನಲ್ಲಿ ಇಲ್ಲ." ಅಂದರೆ ಇಲಾಖೆಯ ದರಪಟ್ಟಿಯಲ್ಲಿ ಗೋಪುರವೆಂಬ ಬಾಬ್ತಿಲ್ಲ. ಬಾಬ್ತಿಲ್ಲದಿದ್ದರೆ ಎಸ್ಟಿಮೇಟಿಲ್ಲ, ಎಸ್ಟಿಮೇಟಿಲ್ಲದಿದ್ದರೆ ಬಿಲ್ಲಿಲ್ಲ. ನಮ್ಮ ಮಕ್ಕಳು ಬೇಯುತ್ತಿರುವುದು ಬಿಸಿಲಿಗಿಂತ ಹೆಚ್ಚಾಗಿ ಈ ಪಟ್ಟಿಯಲ್ಲಿ.

ಹಣವಿಲ್ಲ ಎನ್ನುವಂತೆಯೂ ಇಲ್ಲ. 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಗಣಿಬಾಧಿತ ಊರುಗಳ ಶಿಕ್ಷಣಕ್ಕೆ, ಆರೋಗ್ಯಕ್ಕೆ ಬಳಸಬೇಕು. ಗುಡ್ಡ ಅಗೆಸಿಕೊಂಡ ಸಂಡೂರಿಗೆ ಅದರಲ್ಲಿ ಹಕ್ಕಿದೆ. ವಿಜಯನಗರ ಜಿಲ್ಲೆಯಾಗಿದ್ದು 2021ರಲ್ಲಿ. ಹೊಸ ಜಿಲ್ಲೆಗೆ ಇನ್ನೂ ಎಷ್ಟೋ ಕಟ್ಟಡ ಏಳಬೇಕಿದೆ. ಮುಂಬಾಗಿಲಿಗೆ ಹಂಪಿಯ ಕಮಾನು ಅಂಟಿಸಿ, ಹಿಂದೆ ಗಾಜಿನ ಗೋಡೆ ನಿಲ್ಲಿಸಿ, ಇದೇ ವಿಜಯನಗರ ಶೈಲಿ ಎನ್ನುವುದಾದರೆ ಆ ಹೆಸರಿಗೆ ಮಾಡುವ ಅವಮಾನ ಇನ್ನೊಂದಿಲ್ಲ.

ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ದರಪಟ್ಟಿಯಲ್ಲಿ ಒಂದು ಸಾಲು. ಸಂಡೂರಿನಲ್ಲಿ ಒಂದು ಶಾಲೆ, ಹೊಸಪೇಟೆಯಲ್ಲಿ ಒಂದು ಆಸ್ಪತ್ರೆ ವಾರ್ಡು. ಎರಡು ಬೇಸಿಗೆ ಒಳಗೊಂದು, ಹೊರಗೊಂದು ಥರ್ಮಾಮೀಟರ್ ನೇತುಹಾಕಿ ಅಳೆಯೋಣ. ಸೋತರೆ ಅದನ್ನೂ ನನ್ನ ಪ್ರಬಂಧದಲ್ಲಿ ಬರೆಯುತ್ತೇನೆ. ಕಟ್ಟಿ ನೋಡದೆ ನಗುವುದನ್ನು ಮಾತ್ರ ಇನ್ನು ನಿಲ್ಲಿಸಿ.