ಆವರಣಕ್ಕೊಂದು ಆವರಣ

ಲಿಫ್ಟಿನ ಗುಂಡಿಗಳ ಸುತ್ತ ಹೊಳೆಯುವ ಫಲಕವನ್ನೂ, ಹಾಲಿನ ಡೈರಿಗಳಲ್ಲಿ ವಿದ್ಯುತ್ತಿನ ಉಪಕರಣಗಳನ್ನು ನೀರಿನಿಂದ ಕಾಯುವ ಪೆಟ್ಟಿಗೆಯ ಬಾಗಿಲನ್ನೂ ನಮ್ಮ ವಾಚಕರು ಕಂಡೇ ಇರುವರು. ಗಿರಾಕಿಯು ಕೊಟ್ಟ ಅಳತೆಗೆ ಸರಿಯಾಗಿ ಇವನ್ನು ಸ್ಟೇನ್‌ಲೆಸ್ ಸ್ಟೀಲಿನ ತಗಡಿನಿಂದ ಒತ್ತಿಕೊಡುವ ಸಣ್ಣ ಕಾರ್ಖಾನೆಗಳು ಬೆಂಗಳೂರಿನ ಪೀಣ್ಯದಂಥ ಕಡೆಗಳಲ್ಲಿ ಉಂಟು.

ಸ್ಟೇನ್‌ಲೆಸ್ ಎಂಬ ಮಾತಿಗೆ ನಿಷ್ಕಳಂಕವೆಂದು ಅರ್ಥ. ಹೆಸರು ತುಸು ಅತಿಶಯೋಕ್ತಿಯೇ ಸರಿ. 304 ಎಂಬ ಜಾತಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತವೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದ ತೆಳುಪೊರೆಯಾಗಿ ಲೋಹವನ್ನು ಕಾಯುತ್ತದೆ. ಗೀರು ಬಿದ್ದರೆ ಪೊರೆಯು ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಸಾಮಾನ್ಯ ಕಬ್ಬಿಣಕ್ಕೆ ಬಳಸಿದ ಅರವನ್ನೇ ಇದಕ್ಕೂ ಬಳಸಿದರೆ, ಅಂಟಿಕೊಂಡ ಕಬ್ಬಿಣದ ಪುಡಿಯು ತುಕ್ಕಾಗಿ ಕಲೆ ಮೂಡಿಸುವುದು. ಸಹವಾಸದೋಷವು ಲೋಹಗಳಿಗೂ ತಪ್ಪಿದ್ದಲ್ಲ!

ಒತ್ತುವ ಯಂತ್ರಕ್ಕೆ ಪ್ರೆಸ್ಸೆಂದು ಹೆಸರು. ಕೆಳಗೆ ಡೈ ಎಂಬ ಅಚ್ಚು, ಮೇಲೆ ಪಂಚು, ನಡುವೆ ತಗಡು. ಪಂಚು ಇಳಿದಾಗ ತಗಡು ಸ್ವಲ್ಪದೂರ ಕತ್ತರಿಸಿ, ಉಳಿದಷ್ಟು ಹರಿದು ತುಂಡಾಗುತ್ತದೆ. ಪಂಚಿನ ಬಾಯಿ ಮೊಂಡಾದಷ್ಟೂ ಹರಿದ ಅಂಚಿನಲ್ಲಿ ಚೂಪಾದ ಮುಳ್ಳುಗಳು ನಿಲ್ಲುತ್ತವೆ. ಅವನ್ನು ಉಜ್ಜಿ ತೆಗೆಯದಿದ್ದರೆ ಪೆಟ್ಟಿಗೆಯೊಳಗಿನ ತಂತಿಯ ಹೊದಿಕೆ ಸೀಳೀತು, ರಿಪೇರಿ ಮಾಡುವವನ ಕೈಯೂ ಕೊಯ್ದೀತು. ಈ ಉಕ್ಕು ಹಟಮಾರಿ. ಮಡಿಸಿ ಬಿಟ್ಟೊಡನೆ ಕೊಂಚ ಹಿಂದಕ್ಕೆ ಬಿಚ್ಚಿಕೊಳ್ಳುವುದರಿಂದ ಬೇಕಾದ ಕೋನಕ್ಕಿಂತ ತುಸು ಹೆಚ್ಚಾಗಿಯೇ ಮಡಿಸಬೇಕು. ಹತ್ತಿಪ್ಪತ್ತು ಫಲಕಗಳಿಗಾಗಿ ಡೈ ಮಾಡಿಸುವುದು ದುಂದು. ಸಾವಿರಗಟ್ಟಲೆ ಬೇಕಾದಾಗ ಮಾತ್ರ ಅದರ ವೆಚ್ಚ ಗಿಟ್ಟುತ್ತದೆ.

ಆದರೆ ನಾವು ಲೇಖನಿಯನ್ನು ಹಿಡಿದದ್ದು ಡೈಯ ವೆಚ್ಚಕ್ಕಾಗಿ ಅಲ್ಲ, ಬೆರಳುಗಳಿಗಾಗಿ. ಹಳೆಯ ಬಗೆಯ ಪ್ರೆಸ್ಸುಗಳಲ್ಲಿ ಪೆಡಲನ್ನು ಒಮ್ಮೆ ತುಳಿದರೆ ಪಂಚು ಪೂರ್ತಿ ಇಳಿದು ಏರಿಯೇ ತೀರಬೇಕು; ನಡುವೆ ತಡೆಯಲು ಉಪಾಯವಿಲ್ಲ. ಕೆಲಸಗಾರನು ದಿನವಿಡೀ ತಗಡನ್ನು ಇಟ್ಟು ತೆಗೆಯುತ್ತಿರುವಾಗ ಕೈಗೂ ಕಾಲಿಗೂ ಒಂದು ಕ್ಷಣ ತಾಳ ತಪ್ಪಿದರೆ ಸಾಕು. ಅಪಾಯದ ಯಂತ್ರಭಾಗಗಳಿಗೆ ಭದ್ರವಾದ ಆವರಣವಿರಬೇಕೆಂದು 1948ರ ಕಾರ್ಖಾನೆಗಳ ಶಾಸನವೇ ವಿಧಿಸಿತ್ತು. ಆದರೂ ಅಂಥ ಆವರಣವನ್ನು ಬಿಚ್ಚಿ ಮೂಲೆಗೆ ಒರಗಿಸಿದ್ದ ಒಂದು ಕಾರ್ಖಾನೆಯನ್ನು ನಾವು ಕಣ್ಣಾರೆ ಕಂಡೆವು. ಕೇಳಿದರೆ, "ಕೆಲಸ ನಿಧಾನವಾಗುತ್ತದೆ, ಸ್ವಾಮಿ, ಈ ದರಕ್ಕೆ ಕಟ್ಟುವುದಿಲ್ಲ" ಎಂಬ ಉತ್ತರ. ಅಲ್ಲಿ ಒತ್ತುತ್ತಿದ್ದುದು, ಅನ್ಯರ ಕೈಗೆ ವಿದ್ಯುತ್ತು ತಗುಲದಂತೆ ಕಾಯುವ ಪೆಟ್ಟಿಗೆಯ ಬಾಗಿಲುಗಳನ್ನು! ಅವನೊಬ್ಬನನ್ನೇ ದೂರಲು ನಮಗೆ ಮನಸ್ಸಾಗಲಿಲ್ಲ. ಚೌಕಾಸಿ ಮಾಡಿ ದರವನ್ನು ಅಲ್ಲಿಗೆ ಇಳಿಸಿದ ಗಿರಾಕಿಯೂ ಆ ಬಿಚ್ಚಿಸುವಿಕೆಯಲ್ಲಿ ಪಾಲುಗಾರನೇ.

ಉಪಾಯಗಳು ದುರ್ಲಭವಲ್ಲ. ಎರಡು ಗುಂಡಿಗಳನ್ನು ಎರಡು ಕೈಗಳಿಂದ ಒಟ್ಟಿಗೆ ಒತ್ತಿದ ಹೊರತು ಪಂಚು ಇಳಿಯದಂತೆ ಮಾಡಿದರೆ ಆಗ ಕೈಗಳೆರಡೂ ಡೈಯಿಂದ ದೂರವಿರುತ್ತವೆ. ಗುಂಡಿಗಳನ್ನು ಮಾತ್ರ ಸಾಕಷ್ಟು ದೂರದಲ್ಲಿ ಕೂರಿಸಬೇಕು. ತುಂಡುಗಳನ್ನು ಬೆರಳಿನಿಂದ ತೆಗೆಯದೆ ಸಾಧನದಿಂದ ಎತ್ತಬೇಕು. 304ರ ತಗಡಿಗೆ ಅಯಸ್ಕಾಂತವು ಬಹುಮಟ್ಟಿಗೆ ಅಂಟದಾದ್ದರಿಂದ, ಗಾಳಿಯನ್ನು ಹೀರಿ ಕಚ್ಚಿಕೊಳ್ಳುವ ರಬ್ಬರಿನ ಬಟ್ಟಲುಳ್ಳ ಹಿಡಿಯೊಂದು ಬೇಕಾಗುತ್ತದೆ. ನಮ್ಮ ವಾಚಕರಲ್ಲಿ ಇಂಥ ಫಲಕಗಳಿಗೆ ಆರ್ಡರು ಕೊಡುವವರೂ ಕೆಲವರಿರಬಹುದು. ಮಾದರಿಯನ್ನು ಪರೀಕ್ಷಿಸಲು ಹೋದ ದಿನ ಆ ಹಿಡಿಯು ಯಂತ್ರದ ಬಳಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ದರದ ಮಾತನ್ನು ಅಲ್ಲಿಂದಲೇ ಆರಂಭಿಸಬೇಕೆಂದು ಅವರಲ್ಲಿ ನಮ್ಮ ಕೋರಿಕೆ.