ಉಪ್ಪಿನ ಹೆಸರೊಂದೇ, ಮಣ್ಣು ಬೇರೆ

ಸೊಲ್ಲಾಪುರದಿಂದ ದಕ್ಷಿಣಕ್ಕೆ ಹೊರಡುವ ವಿಜಾಪುರ ರಸ್ತೆಯು ಸೀನಾ ನದಿಯನ್ನು ದಾಟಿ ಭೀಮಾ ತೀರಕ್ಕೆ ತಲಪುತ್ತದೆ. ಈ ಭಾಗದಲ್ಲಿಯೂ ನೆರೆಯ ಅಕ್ಕಲಕೋಟೆಯಲ್ಲಿಯೂ ಕನ್ನಡ ಮನೆಮಾತಿನ ರೈತರು ಬಹಳ ಮಂದಿ. 1967ರ ಮಹಾಜನ ಆಯೋಗದ ವರದಿಯು ದಕ್ಷಿಣ ಸೊಲ್ಲಾಪುರದ ಹಳ್ಳಿಗಳನ್ನೂ ಅಕ್ಕಲಕೋಟೆಯನ್ನೂ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಕನ್ನಡ ರಾಜ್ಯಕ್ಕೆ ಸೇರಿಸಬೇಕೆಂದಿತ್ತು. ವರದಿ ಕಾರ್ಯಗತವಾಗಲಿಲ್ಲ, ಅವರೂ ನಾವೂ ಇದ್ದಲ್ಲಿಯೇ ಉಳಿದೆವು. ಆದರೆ ಇಂದು ನಾವು ಹೇಳಹೊರಟಿರುವುದು ಗಡಿಯ ಮಾತಲ್ಲ, ಮಣ್ಣಿನ ಮಾತು.

ಅಲ್ಲಿಯದು ಎರೆ ಮಣ್ಣು. ಸುಣ್ಣದ ಅಂಶ ಮೊದಲೇ ಇರುವ, ಕ್ಷಾರದ ಕಡೆಗೆ ವಾಲಿದ ಮಣ್ಣು. ಮಳೆ ಕಡಿಮೆ. ಬಸಿಗಾಲುವೆ ಇಲ್ಲದೆ ಕಬ್ಬಿಗೆ ನೀರು ಹರಿಸುತ್ತ ಹೋದಲ್ಲಿ ನೀರು ನಿಂತು, ಆರಿದ ಮೇಲೆ ಉಪ್ಪು ಮೇಲಕ್ಕೆ ಬರುತ್ತದೆ. ಇದೇ ಸವಳು. ಒಳ್ಳೆಯ ನೀರು ಹಾಯಿಸಿ ತೊಳೆದು ಬಸಿದರೆ ಬರಿಯ ಸವಳು ಇಳಿಯುತ್ತದೆ. ಸೋಡಿಯಂ ಸೇರಿ ಜೇಡಿ ಕದಡಿ ಗಟ್ಟಿಯಾದ ಭೂಮಿಗೆ ಮಾತ್ರ ಜಿಪ್ಸಮ್ ಕೂಡ ಬೇಕು. ಮರಾಠಿಯಲ್ಲಿ ಅದಕ್ಕೆ ಚೋಪಣ ಎಂಬ ಬೇರೆಯೇ ಹೆಸರಿದೆ.

ನಮ್ಮ ಕರಾವಳಿಯ ಉಪ್ಪು ಬೇರೆ ಜಾತಿಯದು. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡು ಜಿಲ್ಲೆಗಳ ಕೈಪಾಡ್ ಗದ್ದೆಗಳಲ್ಲಿ ಉಬ್ಬರದ ಉಪ್ಪೂ ಮಣ್ಣಿನ ಹುಳಿಯೂ ಒಟ್ಟಿಗಿವೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆಯೇ ಅಲ್ಲಿ ಭತ್ತ. ಕಬ್ಬಿಣ, ಗಂಧಕಗಳು ಕೂಡಿದ ಕೆಸರು ಒಣಗಿ ಗಾಳಿ ತಾಗಿದರೆ ಗಂಧಕಾಮ್ಲ ಹುಟ್ಟಿ ಹುಳಿ ಇನ್ನೂ ಏರುತ್ತದೆ. ಈ ಹುಳಿಗೆ ಮದ್ದು ಸುಣ್ಣ, ಜಿಪ್ಸಮ್ ಅಲ್ಲ. ಅದೇ ಸುಣ್ಣವನ್ನು ಅಕ್ಕಲಕೋಟೆಯ ಎರೆಗೆ ಸುರಿದರೆ ಹಣ ಮಣ್ಣುಪಾಲು.

ಅಷ್ಟೇ ಅಲ್ಲ. ಒಂದೇ ಗದ್ದೆಯ ಒಂದು ಮೂಲೆ ಹೊಯಿಗೆ, ಇನ್ನೊಂದು ಮೂಲೆ ಅಂಟು ಕೆಸರು. ಏಪ್ರಿಲಿನಲ್ಲಿ ತೆಗೆದ ಮಣ್ಣಿಗೂ ಆಗಸ್ಟಿನಲ್ಲಿ ತೆಗೆದ ಮಣ್ಣಿಗೂ ಉಪ್ಪಿನ ಲೆಕ್ಕ ಹೊಂದದು. ಗಂಧಕದ ಕೆಸರಾದರೆ, ಚೀಲದಲ್ಲಿ ಒಣಗುತ್ತ ಕುಳಿತಷ್ಟು ದಿನವೂ ಅದರ ಹುಳಿ ಬದಲಾಗುತ್ತದೆ. ಆದುದರಿಂದ ಎಲ್ಲಿ, ಎಷ್ಟು ಆಳದಲ್ಲಿ, ಯಾವ ತಿಂಗಳಲ್ಲಿ ತೆಗೆದದ್ದೆಂದು ಬರೆಯದ ಮಾದರಿಯ ಅಂಕೆಯನ್ನು ನಂಬುವುದು ಕಷ್ಟ.

ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಪರೀಕ್ಷೆಯಿದೆ. ಹುಳಿ-ಕ್ಷಾರಗಳನ್ನು ಹೇಳುವ ರಸಸಾರ ಒಂದು ಸಾಲು, ಉಪ್ಪನ್ನು ಹೇಳುವ ವಿದ್ಯುದ್ವಾಹಕತೆ ಇನ್ನೊಂದು. ಎರಡನ್ನೂ ಕೂಡಿಸಿ ಓದಿದರಷ್ಟೇ ಮದ್ದು ತಿಳಿದೀತು. ಅಕ್ಕಲಕೋಟೆಯ ಕನ್ನಡಿಗನು ಮರಾಠಿಯಲ್ಲಿ, ಮಂಜೇಶ್ವರದವನು ಮಲಯಾಳದಲ್ಲಿ ಅದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದರೆ, ಚೋಪಣವೂ ಸವಳೂ ಹುಳಿಯೂ ಎಲ್ಲವೂ ‘ಉಪ್ಪು ಮಣ್ಣು’ ಎಂಬ ಒಂದೇ ಮಾತಾಗಿ ಕಿವಿಗೆ ಬೀಳುತ್ತದೆ. ತಪ್ಪು ಮದ್ದು ಬೀಳುವುದು ಅಲ್ಲಿಯೇ.

ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲಿಯೇ ಉತ್ತರ ಪಡೆಯಲು ಅವಕಾಶ ಕೊಟ್ಟಿತ್ತು. ಮಣ್ಣಿನ ಚೀಟಿಯೂ ಸರಕಾರದ ಉತ್ತರವೇ. ಕೃಷಿಭವನಕ್ಕೆ ಮಣ್ಣು ಒಯ್ಯುವ ನಮ್ಮವರು ಅರ್ಜಿಯನ್ನು ಕನ್ನಡದಲ್ಲಿಯೇ ಬರೆದುಕೊಡಲಿ, ಚೀಟಿಯನ್ನೂ ಸಲಹೆಯನ್ನೂ ಕನ್ನಡದಲ್ಲಿಯೇ ಕೇಳಲಿ. ಭಾಷೆಯ ಹಕ್ಕು ಶಾಲೆಗೂ ಸಭೆಗೂ ಮಾತ್ರ ಸಲ್ಲುವುದಲ್ಲ, ಗದ್ದೆಗೂ ಸಲ್ಲಬೇಕು ಎಂಬುದು ನಮ್ಮ ನಿಲುವು.