ಕಸುಬಿನ ಪತ್ರಿಕೆ ಮನೆಗೆ ಬೇಕೇ?

ಕಳೆದ ತಿಂಗಳು ನಮ್ಮೂರ ಸಹಕಾರಿ ಬ್ಯಾಂಕಿನ ಜಗಲಿಯಲ್ಲಿ ಅಡಿಕೆ ಧಾರಣೆಯ ಮಾತು ನಡೆದಿತ್ತು. ನನ್ನ ಕೈಯಲ್ಲಿದ್ದ ಕೃಷಿ ಮಾಸಿಕವನ್ನು ಕಂಡ ಹಿರಿಯರೊಬ್ಬರು, "ಎಂತ ಮಾಷ್ಟ್ರೇ, ಪುಸ್ತಕ ಓದಿದರೆ ಅಡಿಕೆಗೆ ರೇಟು ಏರ್ತದಾ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು; ನಾನೂ ನಕ್ಕೆ. ರೇಟು ಏರುವುದಿಲ್ಲವೆಂಬುದು ನಿಜವೇ. ಆದರೆ ಮನೆಗೆ ಬಂದ ಮೇಲೆ, ಆ ಪ್ರಶ್ನೆಗೆ ನಗುವಲ್ಲದೆ ಬೇರೊಂದು ಉತ್ತರವನ್ನೂ ಕೊಡಬೇಕಾಗಿತ್ತೆಂದು ತೋರಿತು. ಆ ಉತ್ತರವನ್ನೇ ಈ ಪುಟದಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾವು ನಮ್ಮನ್ನು ಕೃಷಿಕರೆಂದು ಕರೆದುಕೊಳ್ಳುತ್ತೇವೆ; ನಿಜವಾಗಿ ನಾವು ಸಣ್ಣ ವ್ಯಾಪಾರಿಗಳು. ಭತ್ತ ಬೆಳೆದವನು ಮಾರಾಟವಾಗದಿದ್ದರೆ ಉಂಡಾದರೂ ಬದುಕುವನು. ಅಡಿಕೆ ಬೆಳೆದವನು ಅಡಿಕೆಯನ್ನು ಉಣ್ಣುವಂತಿಲ್ಲ. ನಮ್ಮ ಕಾಸರಗೋಡಿನ ಉತ್ತರ ಭಾಗದಲ್ಲಿ ಎಕರೆಯೊಂದರ ತೋಟವಿದ್ದವನೂ ಬೆಳೆದುದನ್ನೆಲ್ಲ ಮಾರಿ, ಅಕ್ಕಿಯಿಂದ ಉಪ್ಪಿನವರೆಗೆ ಎಲ್ಲವನ್ನೂ ಅಂಗಡಿಯಿಂದ ತರುತ್ತಾನೆ. ಹಾಳೆ ತಟ್ಟೆ ಮಾಡುವವರು, ಹಲಸಿನ ಹಪ್ಪಳದವರು, ಜೇನು ಸಾಕುವವರು, ಕರಿಮೆಣಸಿನ ಬಳ್ಳಿ ಬೆಳೆಸಿ ಮಾರುವವರು ಇವರೆಲ್ಲರ ಸ್ಥಿತಿಯೂ ಇದೇ. ಪೇಟೆಯ ವ್ಯಾಪಾರಿಗೆ ತನ್ನ ಕಸುಬಿನ ಸುದ್ದಿ ತಿಳಿದಿರುತ್ತದೆ. ಅದು ಅವನ ಬಂಡವಾಳದ ಒಂದು ಭಾಗ. ನಮ್ಮವರು ಮಾತ್ರ ಸುದ್ದಿಗೆ ಹಣ ಕೊಡುವುದೆಂದರೆ ದಂಡವೆಂದು ಭಾವಿಸುತ್ತಾರೆ. ಒಂದು ಮೂಟೆ ಗೊಬ್ಬರಕ್ಕೆ ಎಣಿಸದೆ ಕೊಡುವ ಕೈ, ವರ್ಷದ ಚಂದಾ ಎಂದೊಡನೆ ಕಿಸೆಯಲ್ಲೇ ಉಳಿಯುತ್ತದೆ.

ಸುದ್ದಿ ತಿಳಿಯದೆ ಕೆಟ್ಟ ಮನೆಯ ಕಥೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯದೇ ಇದೆ.

2003ರಲ್ಲಿ ನಾನು ಶಿಕ್ಷಕ ತರಬೇತಿಯಲ್ಲಿದ್ದೆ. ಆಗ ವೆನಿಲ್ಲಾದ ಹುಚ್ಚು ಊರೂರಿಗೆ ಹಬ್ಬಿತ್ತು. ಹಸಿ ಕೋಡಿಗೆ ಕಿಲೋ ಒಂದರ ಮೂರು ಸಾವಿರ ರೂಪಾಯಿಗೂ ಮೇಲೆ ಬೆಲೆ ಬಂದ ಕಾಲವದು. ತೋಟಗಳಲ್ಲಿ ರಾತ್ರಿ ಕಾವಲಿಗೆ ಜನ ಮಲಗುತ್ತಿದ್ದರು. ನಾಯಿ ಸಾಕದಿದ್ದವರೂ ನಾಯಿ ತಂದು ಕಟ್ಟಿದರು. ನಮ್ಮ ತಂದೆಯವರು ಸ್ವಭಾವತಃ ಎಚ್ಚರಿಕೆಯವರು. ಆದರೂ ಒಂದು ಮಾಸಿಕದ ಮುಖಪುಟದಲ್ಲಿ ವೆನಿಲ್ಲಾ ಕೋಡುಗಳ ಗೊಂಚಲನ್ನು ಹಿಡಿದು ನಿಂತ ಕೃಷಿಕರೊಬ್ಬರ ಚಿತ್ರವನ್ನು ನೋಡಿ ಅವರ ಮನಸ್ಸು ಕದಲಿತು. ಒಂದೊಂದು ಬಳ್ಳಿ ತುಂಡಿಗೆ ಆಳಿನ ಒಂದು ದಿನದ ಮಜೂರಿಗಿಂತಲೂ ಹೆಚ್ಚು ತೆತ್ತು, ಅರ್ಧ ಎಕರೆಯ ಅಡಿಕೆ ಮರಗಳ ನಡುವೆ ನೆಟ್ಟರು. ಅದಕ್ಕಾಗಿ ತಾಯಿಯವರ ಎರಡು ಬಳೆಗಳು ಬ್ಯಾಂಕಿಗೆ ಹೋದವು.

ವೆನಿಲ್ಲಾ ಬಳ್ಳಿ ನೆಟ್ಟು ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ಹೂ ಅರಳಿರುವುದು ಒಂದೇ ದಿನ; ಅದಕ್ಕೆ ನಮ್ಮಲ್ಲಿ ತಾನಾಗಿ ಪರಾಗಸ್ಪರ್ಶವಾಗುವುದಿಲ್ಲ, ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಕೈಯಿಂದ ಮಾಡಬೇಕು. 2006ರಲ್ಲಿ ಹೂ ಬಂದಾಗ ತಾಯಿಯವರು ಬೆಳಗಿನ ಕಾಫಿಯನ್ನು ಬಿಟ್ಟು ತೋಟದಲ್ಲಿ ನಿಂತು ಆ ಕೆಲಸ ಮಾಡಿದರು. ಕೋಡು ಬಲಿಯುವ ಹೊತ್ತಿಗೆ ನೂರು ರೂಪಾಯಿಗೂ ಕೇಳುವವರಿರಲಿಲ್ಲ. ಬಳ್ಳಿ ಮಾರಿದ ಮನುಷ್ಯ ಬೇರೆ ಊರಿಗೆ ಹೋಗಿದ್ದ.

ಇದರಲ್ಲಿ ಪತ್ರಿಕೆಯ ಪ್ರಯೋಜನವೆಲ್ಲಿ ಬಂತು, ಪತ್ರಿಕೆಯೇ ಕೆಡಿಸಿತಲ್ಲ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಹೇಳಬೇಕೆಂದಿರುವುದೂ ಅದನ್ನೇ. ನಮ್ಮ ಮನೆಗೆ ಬಂದದ್ದು ಮುಖಪುಟದ ಚಿತ್ರ ಮಾತ್ರ, ಲೆಕ್ಕ ಬರಲಿಲ್ಲ. ಲೆಕ್ಕವೇನೂ ಗುಟ್ಟಿನದಲ್ಲ. ಜಗತ್ತಿನ ವೆನಿಲ್ಲಾದ ಬಹುಪಾಲು ಬರುವುದು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪದಿಂದ. 2000ದ ಏಪ್ರಿಲಿನಲ್ಲಿ ಅಲ್ಲಿ ಚಂಡಮಾರುತ ಬಡಿಯಿತು. 2002ರಲ್ಲಿ ರಾಜಕೀಯ ಗಲಭೆಯೂ ಆಯಿತು. ಸರಕಿಲ್ಲದೆ ಬೆಲೆ ಆಕಾಶಕ್ಕೆ ಏರಿತು. ಆದರೆ ಬಳ್ಳಿಗೆ ಅಲ್ಲಿಯೂ ಮೂರು ವರ್ಷ, ಇಲ್ಲಿಯೂ ಮೂರು ವರ್ಷ. ಚಂಡಮಾರುತದ ಬೆನ್ನಿಗೆ ಅಲ್ಲಿ ನೆಟ್ಟವರ ಬಳ್ಳಿ 2004ರ ಸುಮಾರಿಗೆ ಫಲ ಕೊಡುತ್ತದೆ. 2003ರಲ್ಲಿ ನೆಟ್ಟ ನಮ್ಮದು 2006ಕ್ಕೆ. ನಾವು ಸಂತೆಗೆ ಹೊರಡುವ ಮೊದಲೇ ಸಂತೆ ಮುಗಿದಿರುತ್ತದೆಂದು ಐದನೆಯ ತರಗತಿಯ ಹುಡುಗನೂ ಬೆರಳು ಮಡಚಿ ಹೇಳಬಹುದಾಗಿತ್ತು. ಸಾಲದ್ದಕ್ಕೆ, ಬೆಲೆ ಅಷ್ಟು ಏರಿದಾಗ ಐಸ್‌ಕ್ರೀಮು ಮಾಡುವ ಕಂಪೆನಿಗಳು ಕೃತಕ ಪರಿಮಳಕ್ಕೆ ತಿರುಗಿದವು. ತಿರುಗಿದವರು ಬೇಗ ಮರಳಲಿಲ್ಲ.

ಆದುದರಿಂದ ಪತ್ರಿಕೆ ತರಿಸಿದರೆ ಸಾಕೆಂದು ನಾನು ಹೇಳುವವನಲ್ಲ. ಒಂದೇ ಒಂದು ಸಂಚಿಕೆ ಕೈಗೆ ಸಿಕ್ಕಿದರೆ ಅದು ಜಾತ್ರೆಯ ಚಿತ್ರಪಟದಂತೆ. ಕಣ್ಣಿಗೆ ಹಬ್ಬ, ಕಿಸೆಗೆ ಅಪಾಯ. ಹನ್ನೆರಡು ತಿಂಗಳು ಓದಿದವನಿಗೆ ಮಾತ್ರ, ಕಳೆದ ವರ್ಷ ಹೊಗಳಿದ ಬೆಳೆ ಈ ವರ್ಷ ಯಾವ ಮೂಲೆಯಲ್ಲಿದೆಯೆಂದು ಗೊತ್ತಾಗುತ್ತದೆ.

ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ ಒಂದು ವಿಷಯ ನನಗೆ ಶಾಲೆಗಿಂತಲೂ ತೋಟದಲ್ಲಿ ಹೆಚ್ಚು ಉಪಯೋಗವಾಗಿದೆ. ಮಕ್ಕಳ ಕೈಗೆ ಪಾಠ ಕೊಡುವ ಮೊದಲು ಒಂದು ಪ್ರಶ್ನೆ ಕೊಡಿ, ಆ ಪ್ರಶ್ನೆಯನ್ನು ಇಟ್ಟುಕೊಂಡು ಓದಲಿ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಕಸುಬಿನ ಪತ್ರಿಕೆ ಓದುವಾಗ ನಾನು ಇಟ್ಟುಕೊಳ್ಳುವ ಪ್ರಶ್ನೆ ಇದು: ಈ ಲೆಕ್ಕದಲ್ಲಿ ಯಾವುದನ್ನು ಬಿಟ್ಟಿದ್ದಾರೆ? ಅರ್ಧ ಎಕರೆಯಲ್ಲಿ ಇಷ್ಟು ಲಾಭವೆಂದು ಬರೆದಿರುತ್ತಾರೆ. ಮನೆಯವರ ದುಡಿಮೆಗೆ ಮಜೂರಿ ಹಿಡಿದಿದ್ದಾರೆಯೇ? ಸಾಲದ ಬಡ್ಡಿ? ಯಂತ್ರದ ಸವಕಳಿ? ಗಿಡ ಮಾರಿ ಬಂದ ಹಣವೆಷ್ಟು, ಬೆಳೆ ಮಾರಿ ಬಂದದ್ದೆಷ್ಟು? ಈ ಕೊನೆಯ ಪ್ರಶ್ನೆ ಮುಖ್ಯ. ಬೆಳೆಗಿಂತ ಗಿಡದಲ್ಲೇ ಹೆಚ್ಚು ಹಣವಾಗುತ್ತಿದ್ದರೆ, ಅಲ್ಲಿ ನಡೆಯುತ್ತಿರುವುದು ಕೃಷಿಯಲ್ಲ, ಗಿಡದ ವ್ಯಾಪಾರ. ಅದರಲ್ಲಿ ಕೊನೆಗೆ ಕೊಂಡವನೇ ಮುಳುಗುವವನು. ವೆನಿಲ್ಲಾದಲ್ಲಿ ಕೊನೆಗೆ ಕೊಂಡವರು ನಾವು.

ಇನ್ನು ಸುದ್ದಿ ಸಮಯಕ್ಕೆ ಬಂದು ಉಪಕಾರವಾದ ಒಂದು ಸಂಗತಿ. ನನ್ನ ಭಾವನೊಬ್ಬ ಹಾಳೆ ತಟ್ಟೆಯ ಸಣ್ಣ ಘಟಕ ನಡೆಸುತ್ತಾನೆ. ಮೂರು ಯಂತ್ರ, ನಾಲ್ಕು ಮಂದಿ ಹೆಂಗಸರ ಕೆಲಸ. ತೋಟದಲ್ಲಿ ಬಿದ್ದ ಹಾಳೆಯನ್ನು ಬೇಸಗೆಯಲ್ಲಿ ಕೂಡಿಟ್ಟು, ನೀರಿನಲ್ಲಿ ನೆನೆಸಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆಯುವ ಕೆಲಸ. ಅವನ ಸರಕು ದೂರದ ಪೇಟೆಯ ವರ್ತಕರೊಬ್ಬರ ಮೂಲಕ ಹೊರದೇಶಕ್ಕೆ ಹೋಗುತ್ತಿತ್ತು. 2025ರಲ್ಲಿ ನಾಲ್ಕನೆಯ ಯಂತ್ರಕ್ಕೆ ಸಾಲದ ಕಾಗದ ಸಿದ್ಧಮಾಡಿಕೊಂಡಿದ್ದ. ಆ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯವರು, ಅಡಿಕೆ ಹಾಳೆಯಲ್ಲಿರುವ ಅರೆಕೋಲಿನ್ ಮೊದಲಾದ ವಸ್ತುಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು, ಅದರ ತಟ್ಟೆಗಳನ್ನು ಊಟಕ್ಕೆ ಬಳಸುವುದು ಸುರಕ್ಷಿತವಲ್ಲವೆಂದು ಸಾರಿ ಆಮದನ್ನು ತಡೆದರು. ವರ್ತಕರು ಭಾವನಿಗೆ ಹೇಳಿದ್ದು ಮಾತ್ರ, "ಕಂಟೇನರ್ ಸಿಕ್ಕಲಿಲ್ಲ, ಸ್ವಲ್ಪ ತಡವಾಗ್ತದೆ" ಎಂದು. ಒಂದು ಮಾಸಿಕದ ಒಳಪುಟದಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಬಂದಿತ್ತು. ಅದನ್ನು ಓದಿದವನು ಸಾಲದ ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ. ಈಗ ಹತ್ತಿರದ ಮದುವೆ, ಜಾತ್ರೆಗಳ ಅಡುಗೆಯವರಿಗೆ ಮಾರುತ್ತಾನೆ. ಲಾಭ ಕಡಿಮೆ, ಒಬ್ಬಾಕೆಗೆ ಕೆಲಸವೂ ತಪ್ಪಿತು. ಸಾಲ ಮಾತ್ರ ಬೆಳೆಯಲಿಲ್ಲ. ಅಮೆರಿಕದವರ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ತೀರ್ಪು ಬಂದಿದೆಯೆಂದು ಯಂತ್ರ ಕೊಳ್ಳುವ ಮೊದಲು ತಿಳಿಯಬೇಕಲ್ಲವೇ?

"ಈಗ ಕೈಯಲ್ಲಿ ಫೋನು ಇದೆ, ಕ್ಷಣಕ್ಕೊಂದು ಸುದ್ದಿ ಬರ್ತದೆ, ಪತ್ರಿಕೆ ಯಾಕೆ?" ಎಂದು ನನ್ನ ಹಳೆಯ ವಿದ್ಯಾರ್ಥಿಗಳು ವಾದಿಸುತ್ತಾರೆ. ಇಂದಿನ ಧಾರಣೆ ತಿಳಿಯಲು ಫೋನೇ ಲೇಸು, ಒಪ್ಪಿದೆ. ಆದರೆ ಫೋನಿನ ಗುಂಪಿನಲ್ಲಿ ಬಂದ ಮಾತಿಗೆ ಹೆಸರಿಲ್ಲ, ಹೊಣೆಯಿಲ್ಲ. ಕೊಳೆರೋಗದ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಹಳೆಯ ಪಾಠ. ಅದನ್ನೇ ತಲೆಕೆಳಗು ಮಾಡಿದ ಸಂದೇಶವೊಂದು ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಸುತ್ತಿತು. ಯಾರು ಬರೆದರೆಂದು ಕೇಳಿದರೆ, "ಎಲ್ಲಿಂದಲೋ ಬಂತು, ನಾನು ಮುಂದೆ ಹಾಕಿದೆ" ಎಂಬ ಉತ್ತರ. ಪತ್ರಿಕೆಯಲ್ಲಿ ತಪ್ಪು ಬಂದರೆ ಬರೆದವರ ಹೆಸರಿರುತ್ತದೆ, ಮುಂದಿನ ಸಂಚಿಕೆಯಲ್ಲಿ ಯಾರಾದರೂ ಜಗಳಕ್ಕೆ ನಿಲ್ಲುತ್ತಾರೆ.

ಧಾರಣೆಯ ಪಟ್ಟಿಯ ವಿಷಯದಲ್ಲಿಯೂ ಹಾಗೆಯೇ. ಹೊಸ ಚಾಲಿಗೆ ಇಷ್ಟು, ಹಳೆಯದಕ್ಕೆ ಇಷ್ಟು, ಪಟೋರಕ್ಕೆ, ಉಳ್ಳಿಗಡ್ಡೆಗೆ, ಕರಿಗೋಟಿಗೆ ಇಷ್ಟೆಂದು ತಿಂಗಳಿಗೊಮ್ಮೆ ಪೆನ್ಸಿಲಿನಿಂದ ಒಂದು ನೋಟುಬುಕ್ಕಿಗೆ ಇಳಿಸಿಟ್ಟರೆ, ಎರಡು ವರ್ಷದಲ್ಲಿ ಅದು ನಿಮ್ಮ ಮನೆಯ ಪಂಚಾಂಗವಾಗುತ್ತದೆ. ಆರಿಸದೆ ಒಟ್ಟಾಗಿ ಸುರಿದು ಮಾರಿದಾಗ ಎಷ್ಟು ಬಿಟ್ಟುಕೊಟ್ಟೆವೆಂದು ಅದು ತೋರಿಸುತ್ತದೆ. ಬೆಲೆ ಏಕೆ ಏರಿತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ದಿಲ್ಲಿಯ ಇಂತಹ ಒಂದು ಸಾಲು ನಮ್ಮ ಅಂಗಳದ ಅಡಿಕೆಯ ಮೇಲೆ ಬಿಸಿಲಿನಷ್ಟೇ ಪರಿಣಾಮ ಮಾಡೀತು.

ಈಗ ಭಾಷೆಯ ಮಾತು. 1956ರ ನವಂಬರ 1ರಿಂದ ನಾವು ಕೇರಳದವರು. ಕೃಷಿ ಭವನದ ಸೂಚನೆಗಳು ಬಹುಪಾಲು ಮಲಯಾಳದಲ್ಲಿ ಬರುತ್ತವೆ, ತಜ್ಞರ ಲೇಖನಗಳು ಇಂಗ್ಲಿಷಿನಲ್ಲಿ. ಸಿ.ಪಿ.ಸಿ.ಆರ್.ಐ. ಎಂಬ ದೊಡ್ಡ ಸಂಶೋಧನ ಸಂಸ್ಥೆ ನಮ್ಮ ಕಾಸರಗೋಡಿನಲ್ಲೇ ಇದ್ದರೂ ಅಲ್ಲಿಯ ವಿದ್ಯೆ ನಮ್ಮ ಜಗಲಿಗೆ ಬರಲು ಯಾರಾದರೂ ಕನ್ನಡದಲ್ಲಿ ಬರೆಯಬೇಕು. ಲೆಕ್ಕ ಹಾಕುವ ಭಾಷೆ ಎಲ್ಲರಿಗೂ ಒಂದೇ. ಅದು ಅಡುಗೆಮನೆಯ ಭಾಷೆ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟು ದೊಡ್ಡ ಉಪಕಾರ ಮಾಡಿತು. ಅದರ ಸಂಪಾದಕತ್ವ ವಹಿಸಿದ ಶ್ರೀ ಪಡ್ರೆಯವರು ನಮ್ಮ ಜಿಲ್ಲೆಯ ವಾಣೀನಗರದವರೇ ಎಂಬುದು ನಮಗೆ ಹೆಮ್ಮೆಯ ಮಾತು. ತೆಂಗು ಅಭಿವೃದ್ಧಿ ಮಂಡಳಿಯವರೂ ತಮ್ಮ ತೆಂಗಿನ ಪತ್ರಿಕೆಯನ್ನು ಕನ್ನಡದಲ್ಲಿ ತಂದಿದ್ದಾರೆ.

ಆದರೆ ಗಡಿಯ ಈಚೆ ಕುಳಿತು ಓದುವವರು ಒಂದು ಎಚ್ಚರ ವಹಿಸಬೇಕು. ಕರ್ನಾಟಕದಲ್ಲಿ ಅಚ್ಚಾಗುವ ಪತ್ರಿಕೆ ಅಲ್ಲಿಯ ಸಹಾಯಧನ, ಅಲ್ಲಿಯ ರೈತ ಸಂಪರ್ಕ ಕೇಂದ್ರವನ್ನು ಕುರಿತು ಬರೆಯುತ್ತದೆ. ನಮ್ಮ ನೆರೆಯವರೊಬ್ಬರು ಅಂತಹ ಲೇಖನವನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಎರಡು ಬಸ್ಸು ಹಿಡಿದು ಗಡಿ ದಾಟಿ ಹೋದರು. ಜಾಗದ ಕಾಗದ ಕೇರಳದ್ದೆಂದು ಕಂಡೊಡನೆ ಅಲ್ಲಿಯ ಗುಮಾಸ್ತರು ನಗುತ್ತ ಹಿಂದೆ ಕಳುಹಿಸಿದರು. ಬೆಳೆಯ ವಿಷಯವನ್ನು ಕನ್ನಡ ಪತ್ರಿಕೆಯಿಂದ ಕಲಿಯಿರಿ. ಯೋಜನೆಯ ವಿಷಯಕ್ಕೆ 'ಕೇರಳ ಕರ್ಷಕನ್' ಮೊದಲಾದ ಮಲಯಾಳದ ಪತ್ರಿಕೆಗಳನ್ನು ಮಕ್ಕಳಿಂದಾದರೂ ಓದಿಸಿ ಕೇಳಿರಿ. ಮಲಯಾಳ ಓದಿದರೆ ನಮ್ಮ ಕನ್ನಡ ಸವೆದು ಹೋಗುವುದಿಲ್ಲ. ಧಾರಣೆಗೆ ಮಾತ್ರ ಗಡಿಯಿಲ್ಲ. 1973ರಲ್ಲಿ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಕ್ಯಾಂಪ್ಕೋ ಹುಟ್ಟಿದ್ದೇ ಆ ಕಾರಣಕ್ಕೆ.

ಪತ್ರಿಕೆ ನಡೆಸುವವರಲ್ಲಿಯೂ ನನ್ನದೊಂದು ಬಿನ್ನಹವಿದೆ. ಗೆದ್ದವರ ಕಥೆಗಳು ಸಾಕಷ್ಟು ಬಂದಿವೆ. ಮೂರು ವರ್ಷದ ಕೆಳಗೆ ಹೊಗಳಿದವರ ತೋಟಕ್ಕೆ ಇನ್ನೊಮ್ಮೆ ಹೋಗಿ ನೋಡಿ ಬನ್ನಿ. ಗಿಡ ಇದೆಯೇ, ಕಿತ್ತಿದ್ದಾರೆಯೇ, ಕಿತ್ತಿದ್ದರೆ ಏಕೆ ಎಂದು ಬರೆಯಿರಿ. ಸೋತವನು ತಾನಾಗಿ ಬರೆಯುವುದಿಲ್ಲ, ಅವನಿಗೆ ನಾಚಿಕೆ. ನಮ್ಮ ತಂದೆಯವರೂ ಬರೆಯಲಿಲ್ಲ. ಆಗ ಒಂದು ಕಾರ್ಡು ಹಾಕಿದ್ದರೆ ಎಷ್ಟು ಮನೆಗಳ ಬಳೆ ಉಳಿಯುತ್ತಿತ್ತೋ!

ಚಂದಾ ಒಬ್ಬನಿಗೆ ಭಾರವೆನಿಸಿದರೆ ಊರಿನ ಗ್ರಂಥಾಲಯವಿದೆ. ಕೇರಳದ ಹಳ್ಳಿಗಳಲ್ಲಿ ಇರುವಷ್ಟು ಗ್ರಂಥಾಲಯಗಳು ಬೇರೆ ಕಡೆ ಅಪರೂಪ. ಅಲ್ಲಿ ಕನ್ನಡದ ಕಸುಬಿನ ಪತ್ರಿಕೆ ಇಲ್ಲವೆಂದರೆ ಕೇಳದಿರುವುದು ನಮ್ಮದೇ ತಪ್ಪು. ನಮ್ಮೂರಿನಲ್ಲಿ ಹನ್ನೊಂದು ಮನೆಯವರು ಸೇರಿ ಎರಡು ಮಾಸಿಕಗಳಿಗೆ ಚಂದಾ ಕಟ್ಟಿ ಗ್ರಂಥಾಲಯದ ವಿಳಾಸಕ್ಕೆ ತರಿಸುತ್ತಿದ್ದೇವೆ. ಹಳೆಯ ಸಂಚಿಕೆಗಳನ್ನು ವರ್ಷವಾರು ಹೊಲಿದು ಕಪಾಟಿನಲ್ಲಿಟ್ಟಿದ್ದೇವೆ. ಜಗಲಿಯಲ್ಲಿ ನನ್ನನ್ನು ಕೇಳಿದ ಹಿರಿಯರೂ ಕಳೆದ ಶನಿವಾರ ಬಂದು, ಕರಿಮೆಣಸಿನ ಸೊರಗು ರೋಗದ ಲೇಖನವಿದ್ದ ಸಂಚಿಕೆಯನ್ನು ಕೇಳಿದರು. ಅದು ಕಪಾಟಿನಲ್ಲಿರಲಿಲ್ಲ. ಯಾರು ಒಯ್ದಿದ್ದಾರೋ ಅವರು ದಯವಿಟ್ಟು ಈ ವಾರದೊಳಗೆ ತಂದುಕೊಡಬೇಕು. ಅವರ ಬಳ್ಳಿಗಳು ಈಗಾಗಲೇ ಹಳದಿಯಾಗುತ್ತಿವೆ.